ನವೆಂಬರ್ ಹನ್ನೊಂದರ ಪುಕ್ಕಟೆ ನಾಷ್ಟಾ

ಪರದೇಶದಲ್ಲಿ ಮಗಳು-ಅಳಿಯನ ಜೊತೆ ನಾವಿರುವ ಈ ಊರಲ್ಲಿ ನವೆಂಬರ್ ಬಂತೆಂದರೆ ಎಲ್ಲರ ಕೋಟಿನ ಮೇಲೂ ಒಂದು ಕೆಂಪು ಹೂವು ಕೂರುತ್ತದೆ. ಪ್ಲಾಸ್ಟಿಕ್ಕಿನದು. ಹಳೆಯ ಯುದ್ಧಗಳಲ್ಲಿ ಸತ್ತ ಸೈನಿಕರ ನೆನಪಿಗೆ ಅದನ್ನು ಎದೆಯ ಎಡಗಡೆ ಚುಚ್ಚಿಕೊಳ್ಳಬೇಕು. ಹಿಂದುಗಡೆ ಉದ್ದನೆಯದೊಂದು ಗುಂಡುಸೂಜಿ ಇರುತ್ತದೆ. ಹೂವನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಒಂದನ್ನು ಬಿಟ್ಟು ಬೇರೆಲ್ಲ ಕೆಲಸವನ್ನೂ ಆ ಸೂಜಿ ಮಾಡುತ್ತದೆ. ಬಸ್ಸಿನಲ್ಲಿ ಕೂತರೆ ಚುಚ್ಚುತ್ತದೆ, ಬಸ್ಸಿನಿಂದ ಇಳಿಯುವಷ್ಟರಲ್ಲಿ ಬಿದ್ದುಹೋಗಿರುತ್ತದೆ. ಅಂಗಡಿಯ ಬಾಗಿಲಲ್ಲಿಟ್ಟ ಡಬ್ಬಿಗೆ ಮತ್ತೆ ಚಿಲ್ಲರೆ ಹಾಕಿ ನಾನು ಹೊಸದು ತರುತ್ತೇನೆ. ಈ ಸೂಜಿಯನ್ನು ಯೋಚಿಸಿದವನು ದಡ್ಡನೆಂದು ಬಹಳ ದಿನ ತಿಳಿದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಮೊದಲ ಸಲ ಅದನ್ನು ನನ್ನ ಸ್ವೆಟರಿಗೆ ಚುಚ್ಚಿದವಳು ಮೊಮ್ಮಗಳು ದಿಯಾ. ಸ್ವೆಟರಿನ ಒಳಗಿದ್ದ ನನಗೂ ಸ್ವಲ್ಪ ಚುಚ್ಚಿದಳು. ಇದು ಯಾವ ಹೂವೆಂದು ಅಳಿಯನನ್ನು ಕೇಳಿದೆ. ಅವನು ಫೋನಿನಲ್ಲಿ ಹುಡುಕಿ, "ನಮ್ಮ ಗಸಗಸೆಯ ಜಾತಿಯೇ ಮಾವ, ದಾಯಾದಿ ಇದ್ದ ಹಾಗೆ," ಎಂದ. ನಾನು ದಂಗಾದೆ. ನಮ್ಮ ಕಡೆ ಗಸಗಸೆ ಪಾಯಸ ಕುಡಿದವನಿಗೆ ಸಂಜೆಯವರೆಗೆ ತನ್ನ ಹೆಸರೂ ನೆನಪಿರುವುದಿಲ್ಲ. ಇಲ್ಲಿ ನೋಡಿದರೆ ಅದೇ ಮನೆತನದ ಹೂವನ್ನು ಎಲ್ಲರೂ ನೆನಪಿಗಾಗಿ ಚುಚ್ಚಿಕೊಂಡು ಓಡಾಡುತ್ತಾರೆ. ದೇಶ ಬೇರೆಯಾದರೆ ಪದ್ಧತಿಯೂ ಬೇರೆ ಎಂದುಕೊಂಡು ಸುಮ್ಮನಾದೆ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಇಪ್ಪತ್ತನಾಲ್ಕು ವರ್ಷ ಭಾರತದ ಸೈನ್ಯದಲ್ಲಿದ್ದವನು. ಹೀಗೆಂದ ಕೂಡಲೇ ಜನ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಯಾವ ಯುದ್ಧದಲ್ಲಿದ್ದಿರಿ ಎಂದು ಕೇಳುತ್ತಾರೆ. ಆಗ ನಮ್ಮಾಕಿ, ಅಂದರೆ ನನ್ನ ಹೆಂಡತಿ ಶಾರದಾ, ಮನೆಯ ಯಾವ ಮೂಲೆಯಲ್ಲಿದ್ದರೂ ಅಲ್ಲಿಂದಲೇ ಕೂಗಿ ಹೇಳುತ್ತಾಳೆ: "ಯುದ್ಧ ಎಲ್ಲೀದ್ರೀ? ಅಡಿಗಿ ಮಾಡಾಕ ಹೋಗಿದ್ರು. ಒಗ್ಗರಣಿ ಹಾಕಿ ಬಂದಾರ." ಜನ ಮತ್ತೆ ಮೊದಲಿನಂತೆ ಒರಗಿ ಕೂರುತ್ತಾರೆ.

ಆಕೆ ಹೇಳುವುದು ಸುಳ್ಳಲ್ಲ. ಗೋಕಾಕದ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದರು. ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಗಡಿಯ ಕಥೆ ಹೇಳುತ್ತಿದ್ದರು. ಕಥೆಗಿಂತ ಅವರ ಮೀಸೆಯ ಮೇಲೆ ನನಗೆ ಕಣ್ಣು. ಸೈನ್ಯ ಸೇರಿದರೆ ಅಂಥ ಮೀಸೆಯನ್ನು ಅವರೇ ಕೊಡುತ್ತಾರೆಂದು ತಿಳಿದುಕೊಂಡು ಬೆಳೆದವನು ನಾನು. ಭರ್ತಿಯ ದಿನ ಎತ್ತರ ಸರಿಹೋಯಿತು, ಎದೆ ಸರಿಹೋಯಿತು, ಓಟವೂ ಸರಿಹೋಯಿತು. ಕೊನೆಗೆ ಮೇಜಿನ ಹಿಂದಿದ್ದವನು, "ಅಡಿಗೆ ಬರುತ್ತದೆಯೇ?" ಎಂದು ಕೇಳಿದ. ಅವ್ವ ಹಾಸಿಗೆ ಹಿಡಿದಾಗ ಮನೆಮಂದಿಗೆಲ್ಲ ರೊಟ್ಟಿ ಬಡಿದವನು ನಾನು. ಹೆಮ್ಮೆಯಿಂದ ಬರುತ್ತದೆ ಎಂದೆ. ಆ ಒಂದು ಮಾತಿಗೆ ಇಪ್ಪತ್ತನಾಲ್ಕು ವರ್ಷ ಹಿಟ್ಟು ನಾದಿದೆ. ರೈಫಲ್ಲು ನನಗೂ ಕೊಟ್ಟಿದ್ದರು, ಹೊಡೆಯುವುದನ್ನೂ ಕಲಿಸಿದ್ದರು. ಅದು ಹೆಚ್ಚಿನ ಕಾಲ ಹಿಟ್ಟಿನ ಚೀಲಕ್ಕೆ ಒರಗಿಕೊಂಡು ನಿಂತು ಬಿಳಿಚಿಕೊಂಡಿತು.

ರಜೆಗೆ ಊರಿಗೆ ಬಂದಾಗ ಬೇವಿನ ಕಟ್ಟೆಯ ಮೇಲೆ ಹುಡುಗರು ನನ್ನನ್ನೂ ಸುತ್ತುವರಿದು, ಎಷ್ಟು ಮಂದಿ ವೈರಿಗಳನ್ನು ಹೊಡೆದೆ ಎಂದು ಕೇಳುತ್ತಿದ್ದರು. ಎತ್ತರದ ಪಹಾಡಿನ ಮೇಲೆ ಬೇಳೆ ಎಷ್ಟು ಕುದಿಸಿದರೂ ಹೇಗೆ ಬೇಯುವುದಿಲ್ಲ ಎಂಬುದನ್ನು ನಾನು ವಿವರಿಸುತ್ತಿದ್ದೆ. ಹುಡುಗರು ಒಬ್ಬೊಬ್ಬರೇ ಎದ್ದು ಗೋಲಿ ಆಡಲು ಹೋಗುತ್ತಿದ್ದರು.

ಸೈನ್ಯದ ಅಡಿಗೆಮನೆಗೆ ಲಂಗರ್ ಎನ್ನುತ್ತಾರೆ. ಲಂಗರಿನವನು ಎಲ್ಲರೂ ಉಂಡ ಮೇಲೆ, ಪಾತ್ರೆ ಬಳಿದು, ನಿಂತುಕೊಂಡೇ ಉಣ್ಣುತ್ತಾನೆ. ನಾನು ಹಾಗೆಯೇ ಉಂಡೆ. ಅದರ ಬಗ್ಗೆ ದೂರಿಲ್ಲ. ಆದರೆ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಒಂದು ಸಲ ನಾನು ಮೇಜಿನ ಮುಂದೆ ಕೂತಿರಬೇಕು, ಇನ್ನೊಬ್ಬರು ಅಡಿಗೆ ಮಾಡಿ ಬಡಿಸಬೇಕು. ಅದೂ ಮಾವನೆಂದಲ್ಲ, ಅಜ್ಜನೆಂದಲ್ಲ, ಸೈನಿಕನೆಂದು ಬಡಿಸಬೇಕು.

ಹೀಗಿರುವಾಗ ಅಳಿಯ ಪ್ರಶಾಂತ ಒಂದು ಸಂಜೆ ಫೋನು ಹಿಡಿದುಕೊಂಡು ಬಂದ. ಅವನು ಉಡುಪಿ ಕಡೆಯ ತುಳು ಮಾತಾಡುವವರ ಮನೆಯವನು, ಹತ್ತಿರದ ವಾನ್ ಎಂಬ ಊರಿನಲ್ಲಿ ಒಂದು ವೇರ್‌ಹೌಸಿನ ಸೂಪರ್‌ವೈಸರ್. "ಮಾವ, ಇದು ನೋಡಿ. ಹನ್ನೊಂದನೇ ತಾರೀಕು ವೆಟರನ್ಸಿಗೆ ಬ್ರೇಕ್‌ಫಾಸ್ಟ್ ಫ್ರೀ ಅಂತೆ. ಇಲ್ಲೇ ಬ್ರ್ಯಾಂಪ್ಟನ್ನಲ್ಲಿ ಒಂದು ಉಂಟು, ಸ್ಟ್ರೀಟ್ಸ್‌ವಿಲ್ಲಲ್ಲಿ ಒಂದು ಉಂಟು. ಮಧ್ಯಾಹ್ನಕ್ಕೆ ಪಿಜ್ಜಾ ಸಹ ಉಂಟು."

"ನಾ ಈ ದೇಶದ ಸೈನ್ಯದಾಗ ಇರಲಿಲ್ಲಪಾ," ಎಂದೆ.

"ಇದರಲ್ಲಿ ಹಾಗೆಂತ ಬರ್ದಿಲ್ಲ ಮಾವ. ವೆಟರನ್ ಅಂತ ಮಾತ್ರ ಬರ್ದದ್ದು. ನಿಮ್ಮ ಆರ್ಮಿ ಕಾರ್ಡ್ ತೋರಿಸಿದ್ರಾಯ್ತು ಮಾರಾಯ್ರೆ."

ಅದು ಎರಡು ಸಾವಿರದ ಹದಿನೈದು. ಆ ವರ್ಷ ದೀಪಾವಳಿ ಅಮಾವಾಸ್ಯೆಯೂ ನವೆಂಬರ್ ಹನ್ನೊಂದಕ್ಕೇ ಬಂದು ಕೂತಿತ್ತು. ಹಬ್ಬದ ದಿನ ಮನೆಯ ಹೋಳಿಗೆ ಬಿಟ್ಟು ಹೊರಗೆ ಉಣ್ಣುವ ಮಾತೆತ್ತಿದ್ದಕ್ಕೆ ನಮ್ಮಾಕಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮರುವರ್ಷ ಪಂಚಾಂಗ ನನ್ನ ಪರವಾಗಿತ್ತು. ದೀಪಾವಳಿ ಮೊದಲೇ ಮುಗಿದಿತ್ತು.

"ಪುಕ್ಕಟ ಕೊಡ್ತಾರಂತ ಹೋಗಿ ನಿಂದ್ರೂದೇನ್ರೀ?" ಎಂದಳು ನಮ್ಮಾಕಿ. "ಮನ್ಯಾಗ ನಾ ನಿಮಗ ಕೂಳ ಹಾಕೂದಿಲ್ಲೇನು?"

"ಅವರಾಗೇ ಕರದಾರ. ಕರದ ಮ್ಯಾಲ ಹೋಗದಿದ್ರ ಏನ್ ತಿಳ್ಕೊಂಡಾರು?"

"ಯಾರ್ ಕರದಾರ? ಫೋನಿನ್ಯಾಗ ಬಂದದ್ದು ಕರದಂಗ ಆತೇನು?"

"ಈಗ ಮದಿವಿ ಕಾರ್ಡೂ ಫೋನಿನ್ಯಾಗ ಬರತಾವಲ್ಲ. ಹೋಗಿ ಉಂಡು ಬರೂದಿಲ್ಲೇನ್ ನಾವು?"

ಕರೆದದ್ದೇ ಹೌದಾದರೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂಬ ಪ್ರಶ್ನೆ ಆಗ ಎದ್ದಿತು. ನಮ್ಮಲ್ಲಿ ಉಣ್ಣಲು ಕರೆದವರ ಮನೆಗೆ ಏನಾದರೊಂದು ಒಯ್ಯಬೇಕು. ಆಕೆಯೇ ಗೊಣಗುತ್ತ ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ, ಉಂಡಿ ಕಟ್ಟಿ ಒಂದು ಡಬ್ಬಿ ತುಂಬಿ ಕೊಟ್ಟಳು. ಬೆಳಿಗ್ಗೆ ಕೋಟು ಹಾಕಿಕೊಂಡೆ. ಎಡಗಡೆ ಪದಕಗಳ ಸಾಲು, ಅದರ ಮೇಲೆ ಕೆಂಪು ಹೂವು. ಪದಕಗಳಲ್ಲಿ ಹೆಚ್ಚಿನವು ಇಷ್ಟು ವರ್ಷ ಬಿಡದೆ ಇದ್ದಾನೆ ಎಂಬುದಕ್ಕೆ ಕೊಟ್ಟವು. ಒಂದು ಮಾತ್ರ ಲಂಕೆಗೆ ಹೋಗಿ ಬಂದದ್ದಕ್ಕೆ, ಎಂಬತ್ತೇಳರಲ್ಲಿ ಶಾಂತಿ ಕಾಯಲೆಂದು ಹೋದ ನಮ್ಮ ಸೈನ್ಯ ಅಲ್ಲಿಯವರ ಜೊತೆಯೇ ಕಾದಾಡಿ ಬಂದ ಕಾಲದ್ದು.

ಬ್ರ್ಯಾಂಪ್ಟನ್ನಿನ ಹೋಟೆಲಿನಲ್ಲಿ ಕೌಂಟರಿನ ಹುಡುಗಿ ನನ್ನ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ಮ್ಯಾನೇಜರನನ್ನು ಕರೆದಳು. ಅವನೊಬ್ಬ ಸರ್ದಾರ್ಜಿ. ಕಾರ್ಡು ನೋಡಿದವನೇ ಸೆಟೆದು ನಿಂತು ಸೆಲ್ಯೂಟ್ ಹೊಡೆದ. "ಫೌಜಿ ಸಾಬ್, ಬೈಠಿಯೇ!" ನನ್ನ ಎದೆ ಭರ್ತಿಯ ದಿನ ಅಳೆದಾಗಿನಷ್ಟೇ ಉಬ್ಬಿತು. ಮೊಟ್ಟೆ ಇಟ್ಟ ಬನ್ನು ಮತ್ತು ಕಾಫಿಯನ್ನು ತಾನೇ ತಂದಿಟ್ಟ. ತಿಂದಾದ ಮೇಲೆ ನಾನು ಡಬ್ಬಿ ತೆರೆದು ಮುಂದೆ ಹಿಡಿದೆ.

"ಇಸ್‌ಮೇ ಮೂಂಗ್‌ಫಲಿ ಹೈ?" ಎಂದ.

ಪೂರ್ತಿ ಅದೇ ಇರುವುದು ಎಂದೆ. ಸರ್ದಾರ್ಜಿ ಎರಡು ಹೆಜ್ಜೆ ಹಿಂದೆ ಸರಿದ. ಕೌಂಟರಿನ ಹುಡುಗಿ ಅದಕ್ಕಿಂತ ಹಿಂದೆ ಸರಿದಳು. ಈ ದೇಶದಲ್ಲಿ ಶೇಂಗಾ ಕೆಲವರಿಗೆ ಆಗಿಬರುವುದಿಲ್ಲ, ಜೀವಕ್ಕೇ ಸಂಚಕಾರ ಬರುತ್ತದೆ, ಅದಕ್ಕಾಗಿ ಹೋಟೆಲಿನ ಒಳಗೆ ಬಿಡುವುದೇ ಇಲ್ಲ. ದಿಯಾ ಹಿಂದಿನ ದಿನವೇ, "ಅಜ್ಜಾ, ನೋ ನಟ್ಸ್!" ಎಂದಿದ್ದಳು. ತನಗೆ ಉಂಡಿ ಬೇಡ ಅನ್ನುತ್ತಿದ್ದಾಳೆಂದು ತಿಳಿದಿದ್ದೆ. ಇಪ್ಪತ್ತನಾಲ್ಕು ವರ್ಷದ ಸೈನ್ಯದಲ್ಲಿ ನನ್ನ ಕೈಯಲ್ಲಿದ್ದ ಯಾವುದನ್ನು ಕಂಡೂ ಒಬ್ಬ ಮನುಷ್ಯ ಹಾಗೆ ಹೆದರಿ ಹಿಂದೆ ಸರಿದಿರಲಿಲ್ಲ. ಡಬ್ಬಿಯ ಬಾಯಿ ಭದ್ರವಾಗಿ ಮುಚ್ಚಿಕೊಂಡು ಸ್ಟ್ರೀಟ್ಸ್‌ವಿಲ್ಲಿನ ಬಸ್ಸು ಹತ್ತಿದೆ.

ಬಸ್ಸು ಹೋಗುತ್ತಿರಲಿ, ಅಷ್ಟರಲ್ಲಿ ಒಂದು ಮಾತು ಹೇಳಬೇಕು. ನಮ್ಮವರಿಗೆ ಒಂದು ಚಟವಿದೆ, ನಿಮಗೂ ಇರಬಹುದು. ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಊರು ಕೇಳುತ್ತೇವೆ. ಊರು ಹೇಳಿದರೆ ಸಾಲದು, ಅದರ ಹತ್ತಿರದ ಊರು, ಅಲ್ಲಿಂದ ಎಷ್ಟು ದೂರ, ಅಲ್ಲಿ ನಮ್ಮ ಸೋದರಮಾವನ ಷಡ್ಡಕ ಇದ್ದಾನಲ್ಲ ಅವನು ಗೊತ್ತೋ ಎನ್ನುವಲ್ಲಿಯವರೆಗೆ ಹೋಗಬೇಕು. ಗೊತ್ತು ಎಂದರೆ ನೆಂಟಸ್ತನವಾಯಿತು. ಗೊತ್ತಿಲ್ಲ ಎಂದರೆ, ಛೇ, ಆ ಊರಲ್ಲಿದ್ದೂ ಅವನನ್ನು ಅರಿಯದವನು ಎಂಥ ಮನುಷ್ಯ ಎಂದು ಮರುಗುತ್ತೇವೆ. ನನ್ನದು ಇನ್ನೂ ಕಷ್ಟದ ಕೇಸು. ನಾನು ದೇಶವೆಲ್ಲ ತಿರುಗಿದವನು. ಯಾರು ಯಾವ ಊರಿನ ಹೆಸರು ಹೇಳಿದರೂ ನಾನಲ್ಲಿ ಬೇಳೆ ಬೇಯಿಸಿರುತ್ತೇನೆ. ಫಿರೋಜಪುರ ಎಂದವನ ಹೆಗಲ ಮೇಲೆ ಕೈ ಹಾಕಿ, ಝಾನ್ಸಿ ಎಂದವನಿಗೆ ಅಲ್ಲಿಯ ಬಿಸಿಲನ್ನು ವರ್ಣಿಸಿ, ಈ ಚಳಿಯ ದೇಶದಲ್ಲಿ ನಾನು ಸಾಕಷ್ಟು ಸ್ನೇಹ ಸಂಪಾದಿಸಿದ್ದೇನೆ. "ಯಾವೂರು?" ಎಂಬ ಪ್ರಶ್ನೆಯಿಂದ ಕೆಡುಕಾಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಸ್ಟ್ರೀಟ್ಸ್‌ವಿಲ್ಲಿನ ಕ್ವೀನ್ ಸ್ಟ್ರೀಟಿನಲ್ಲಿ ಹಳೆಯ ಕಾಲದ ಸಣ್ಣ ಅಂಗಡಿಗಳ ನಡುವೆ ಆ ಹೋಟೆಲು. ಬಿಳಿಯ ಮುದುಕರು ಪದಕ ಹಾಕಿಕೊಂಡು ಕೂತಿದ್ದರು. ನನ್ನನ್ನೂ ಕಿಟಕಿಯ ಪಕ್ಕದ ಮೇಜಿಗೆ ಕರೆದೊಯ್ದು ಕೂರಿಸಿದರು. ಪಕ್ಕದ ಮೇಜಿನ ಮುದುಕನೊಬ್ಬ ನನ್ನ ಪದಕಗಳನ್ನು ನೋಡಿ ತಲೆಯಾಡಿಸಿದ. ನಾನು ಅವನ ಪದಕಗಳನ್ನು ನೋಡಿ ತಲೆಯಾಡಿಸಿದೆ. ಬಡಿಸುವ ಹೆಣ್ಣುಮಗಳು ತಟ್ಟೆ ತಂದಿಟ್ಟು, "ಥ್ಯಾಂಕ್ ಯು ಫಾರ್ ಯುವರ್ ಸರ್ವಿಸ್, ಸರ್," ಎಂದಳು. ಎರಡು ಮೊಟ್ಟೆ, ಆಲೂಗಡ್ಡೆ, ಟೋಸ್ಟು, ದೋಸೆಯಂತೆ ಕಾಣುವ ಆದರೆ ದೋಸೆಯಲ್ಲದ ಪ್ಯಾನ್‌ಕೇಕು. ನನ್ನ ಆಸೆ ಬಿಸಿಬಿಸಿಯಾಗಿ ಮುಂದೆ ಕೂತಿತ್ತು. ನಮ್ಮಾಕಿ ನೋಡಬೇಕಿತ್ತು ಅನ್ನಿಸಿತು.

ಪ್ಯಾನ್‌ಕೇಕಿನ ದೊಡ್ಡದೊಂದು ತುಂಡನ್ನು ಬಾಯಿಗಿಟ್ಟೆ, ಹೊರಗೆ ಚೌಕದ ಕಡೆಯಿಂದ ಕಹಳೆ ಕೇಳಿತು. ಹನ್ನೊಂದು ಗಂಟೆ. ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಎರಡು ನಿಮಿಷ ಮೌನ. ಬಾಯಿ ತುಂಬ ತುತ್ತು. ಮೌನಾಚರಣೆಯಲ್ಲಿ ಅಗಿಯಬಹುದೋ ಅಗಿಯಬಾರದೋ ಎಂದು ನನಗೆ ಸೈನ್ಯದಲ್ಲಿ ಹೇಳಿಕೊಟ್ಟಿರಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಸತ್ತವರನ್ನು ನೆನೆಯುತ್ತ ಅಟೆನ್ಷನ್‌ನಲ್ಲಿ ನಿಂತೆ. ಇಡೀ ಹೋಟೆಲಿನಲ್ಲಿ ಒಂದೇ ಒಂದು ಸದ್ದು. ಒಳಗೆ ಅಡಿಗೆಮನೆಯಲ್ಲಿ ಯಾರೋ ಕಾದ ಹಂಚಿನ ಮೇಲೆ ಸಟ್ಟುಗ ಆಡಿಸುತ್ತಿದ್ದ ಸದ್ದು.

ಆ ಸದ್ದು ನನಗೆ ಗೊತ್ತು. ನಮ್ಮಲ್ಲೂ ಪರೇಡಿನ ಮೈದಾನದಲ್ಲಿ ಎಲ್ಲರೂ ಸತ್ತವರಿಗೆ ತಲೆಬಾಗಿ ನಿಂತಿರುವಾಗ ಲಂಗರಿನಲ್ಲಿ ನಾವು ಪೂರಿ ತಿರುವಿ ಹಾಕುತ್ತಿದ್ದೆವು. ಎಣ್ಣೆಯಲ್ಲಿ ಬಿಟ್ಟ ಪೂರಿ ಎರಡು ನಿಮಿಷ ಕಾಯುವುದಿಲ್ಲ. ಒಳಗಿರುವವನು ನಮ್ಮವನು ಅನ್ನಿಸಿಬಿಟ್ಟಿತು. ಊಟ ಮಾಡಿದವನು ಅಡಿಗೆಯವನಿಗೆ ಒಂದು ಒಳ್ಳೆಯ ಮಾತು ಹೇಳಿ ಹೋಗುವುದು ನಮ್ಮ ಕಡೆಯ ಪದ್ಧತಿ. ತಟ್ಟೆ ಖಾಲಿ ಮಾಡಿ, ಅಡಿಗೆಯವನನ್ನು ನೋಡಬೇಕು ಎಂದು ಆ ಹೆಣ್ಣುಮಗಳಿಗೆ ಹೇಳಿದೆ.

ಆಕೆಯ ಮುಖ ಇಳಿಯಿತು. "ಈಸ್ ಸಮ್‌ಥಿಂಗ್ ರಾಂಗ್, ಸರ್?"

"ನೋ, ನೋ. ವೆರಿ ಗುಡ್. ಐ ವಾಂಟ್ ಕುಕ್."

ಸ್ವಲ್ಪ ಹೊತ್ತಿನಲ್ಲಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಒಬ್ಬ ಹೊರಗೆ ಬಂದ. ನಲವತ್ತರ ಆಸುಪಾಸು, ನಮ್ಮದೇ ಮೈಬಣ್ಣ. ದೊಡ್ಡ ಸಾಹೇಬರು ಮೇಜಿಗೆ ಕರೆಸಿದಾಗ ಅಡಿಗೆಯವನ ಮುಖ ಹೇಗಿರುತ್ತದೆ ಎಂಬುದು ನನಗೆ ಗೊತ್ತು, ಆ ಮುಖವನ್ನು ಎಷ್ಟೋ ಸಲ ನಾನೇ ಹೊತ್ತುಕೊಂಡು ಹೋಗಿದ್ದೇನೆ. ಮೊಟ್ಟೆ ಬಹಳ ಚೆನ್ನಾಗಿತ್ತು ಎಂದೆ. ಅವನ ಹೆಗಲು ಕೆಳಗಿಳಿಯಿತು, ನಕ್ಕ. ಹೆಸರು ಯೋಗನ್ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಯಾವೂರು ಎಂದು ಕೇಳಿದೆ.

"ಸ್ಕಾರ್‌ಬರೋ."

"ಅದಕ್ಕಿಂತ ಮೊದಲು?"

"ಶ್ರೀಲಂಕಾ."

"ಶ್ರೀಲಂಕಾದಲ್ಲಿ ಎಲ್ಲಿ?"

"ಯಾಳ್ಪಾಣಂ," ಎಂದ. ಜಾಫ್ನಾವನ್ನು ಅಲ್ಲಿಯವರು ಹಾಗೆನ್ನುತ್ತಾರೆ.

ನನಗೆ ತಡೆಯಲಾಗಲಿಲ್ಲ. ಲಂಗರಿನ ತಮಿಳು ಗೆಳೆಯರಿಂದ ಕಲಿತ ತಮಿಳು ನಾಲಿಗೆಗೆ ಓಡಿ ಬಂತು. ಮುಂದಿನ ಮಾತು ತಮಿಳು, ಇಂಗ್ಲಿಷು ಬೆರೆಸಿ ಆಡಿದ್ದು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. "ಅಯ್ಯೋ, ನಿಮ್ಮೂರು ನನಗೆ ಗೊತ್ತು! ನಾನಲ್ಲಿ ಒಂದು ವರ್ಷದ ಮೇಲಿದ್ದೆ!" ಎಂದೆ. ಯಾತ್ರೆಗೆ ಹೋಗಿ ಬಂದವನ ಉತ್ಸಾಹ ನನ್ನದು.

"ಯಾವಾಗ?" ಎಂದು ಕೇಳಿದ.

"ಸೈನ್ಯದಲ್ಲಿದ್ದಾಗ," ಎಂದು ಎದೆಯ ಪದಕವನ್ನು ಮುಟ್ಟಿ ತೋರಿಸಿದೆ. "ಇದು ಅಲ್ಲಿಯದೇ."

ಯೋಗನ್ ಪದಕವನ್ನು ನೋಡಿದ. ನಗು ಹೋಗಲಿಲ್ಲ, ಇದ್ದಲ್ಲೇ ನಿಂತಿತು. "ನಾನಾಗ ನಾಲ್ಕನೇ ಕ್ಲಾಸು," ಎಂದ. "ನಮ್ಮ ಶಾಲೆಯಲ್ಲೇ ನಿಮ್ಮವರ ಕ್ಯಾಂಪ್ ಇತ್ತು. ಮನೆ ಅದರ ಹಿಂದಿನ ಬೀದಿ. ಗಾಡಿಯ ಸದ್ದಾದರೆ ಅಮ್ಮ ನಮ್ಮನ್ನೆಲ್ಲ ಮಂಚದ ಕೆಳಗೆ ತಳ್ಳುತ್ತಿದ್ದಳು."

ಆಗ ನನ್ನ ಬಾಯಿಂದ ಬಂದ ಮಾತು ಕೇಳಿ. ಮೂವತ್ತು ವರ್ಷ ಯಾವ ಮಾತನ್ನು ಹೆಂಡತಿಯ ಬಾಯಲ್ಲಿ ಕೇಳಿ ಕೇಳಿ ಸೊರಗಿದ್ದೆನೋ ಅದೇ ಮಾತು. "ನಾನು ಬರೀ ಅಡಿಗೆಯವನು," ಎಂದೆ. "ಸೈನಿಕ ಅಂದರೆ ಹಾಗಲ್ಲ. ಚಪಾತಿ, ದಾಲ್. ಅಷ್ಟೇ ನನ್ನ ಕೆಲಸ."

ಅವನು ಏಪ್ರನ್ನಿಗೆ ಮತ್ತೊಮ್ಮೆ ಕೈ ಒರೆಸಿಕೊಂಡ. ಸಿಟ್ಟಿನಿಂದ ಹೇಳಲಿಲ್ಲ, ಹಳೆಯದನ್ನು ಹುಡುಕಿ ತೆಗೆಯುವವನಂತೆ ಹೇಳಿದ: "ಆ ಚಪಾತಿಯ ವಾಸನೆ ಮಂಚದ ಕೆಳಗೂ ಬರುತ್ತಿತ್ತು. ಕರ್ಫ್ಯೂ ಇರುತ್ತಿತ್ತಲ್ಲ, ಮನೆಯಲ್ಲಿ ಏನೂ ಇರುತ್ತಿರಲಿಲ್ಲ." ಆಮೇಲೆ ನನ್ನ ಖಾಲಿ ತಟ್ಟೆ ನೋಡಿ, "ಇನ್ನೊಂದು ಟೋಸ್ಟು ತರಲಾ ಸರ್?" ಎಂದು ಕೇಳಿದ. ಬೇಡ ಎಂದೆ. ಒಳಗೆ ಹೋದ. ಹಂಚಿನ ಮೇಲೆ ಮತ್ತೆ ಸಟ್ಟುಗದ ಸದ್ದು ಶುರುವಾಯಿತು.

ದುಡ್ಡು ಕೊಡುತ್ತೇನೆ ಎಂದೆ. ಆ ಹೆಣ್ಣುಮಗಳು ಕೈ ಜೋಡಿಸಿದಂತೆ ಮಾಡಿ, ಇವತ್ತು ನಿಮ್ಮಂಥವರಿಂದ ತೆಗೆದುಕೊಳ್ಳುವುದಿಲ್ಲ ಎಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಹೊಟ್ಟೆಯೊಳಗೆ ಹೋದ ನಾಷ್ಟಾವನ್ನು ಹಿಂತಿರುಗಿಸುವ ದಾರಿ ಇರಲಿಲ್ಲ. ಶೇಂಗಾ ಉಂಡಿಯ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದೆ. ಬಸ್‌ಸ್ಟಾಪಿನಲ್ಲಿ ನೋಡಿಕೊಂಡರೆ ಹೂವು ಯಾವಾಗಲೋ ಬಿದ್ದುಹೋಗಿತ್ತು. ಪದಕಗಳು ಬಿದ್ದಿರಲಿಲ್ಲ, ಅವುಗಳ ಪಿನ್ನು ಗಟ್ಟಿ. ಅವನ್ನು ನಾನೇ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಪಿಜ್ಜಾದ ಕಡೆ ಹೋಗಲಿಲ್ಲ.

"ಯಾಕ್ರೀ ಇಷ್ಟ ಲಗೂನ ಬಂದ್ರಿ? ಪಿಜ್ಜಾ ತೀರಿತ್ತೇನು?" ಎಂದು ನಮ್ಮಾಕಿ ಬಾಗಿಲಲ್ಲೇ ಶುರುಮಾಡಿದಳು. ಡಬ್ಬಿ ತುಂಬಿದ್ದು ನೋಡಿ ನನ್ನ ಮುಖ ನೋಡಿದಳು. ಚಹಾ ಮಾಡಿ ಎದುರಿಗೆ ಕೂತಳು. ನಡೆದದ್ದೆಲ್ಲ ಹೇಳಿದೆ. ಕೊನೆಯಲ್ಲಿ, "ನೀ ಹೇಳೂದ ಖರೇ ಅನ್ನು. ನಾನೂ ಅದನ್ನ ಹೇಳಿ ಬಂದೆ. ಬರೇ ಅಡಿಗಿಯವ ಅಂತ," ಎಂದೆ.

ಆಕೆ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

"ನೀವು ಲಂಕಾಕ್ಕ ಹೋದಾಗ ಎಷ್ಟೋ ದಿನ ಸುದ್ದಿನ ಇರಲಿಲ್ಲ," ಎಂದಳು. "ಸುತ್ತ ಊರಾಗ ಆ ಕಡೆ ಹೋದಾವ್ರ ಪೆಟಿಗಿ ಬರಾಕ ಹತ್ತಿದ್ದುವು. ಕವಿತಾ ಸಣ್ಣಾಕಿ, ಅಪ್ಪ ಎಲ್ಲಿ ಅಂತ ದಿನಾ ಕೇಳಾಕಿ. ನಿಮ್ಮಪ್ಪ ಅಡಿಗಿ ಮಾಡಾಕ ಹೋಗ್ಯಾನ, ಅಡಿಗಿ ಮಾಡಾವ್ರಿಗಿ ಯಾರೂ ಗುಂಡ ಹೊಡಿಯಂಗಿಲ್ಲ ಅಂತಿದ್ದೆ. ಕೂಸಿಗಿ ಹೇಳಿ ಹೇಳಿ ನನಗೂ ನಿದ್ದಿ ಬರಾಕ ಹತ್ತಿತು. ಅವತ್ತಿಂದ ನಾಲಿಗಿಗಿ ಅದ ರೂಢಿ ಆತು." ಆಮೇಲೆ ನನ್ನನ್ನು ನೋಡದೆ, "ನೀವು ಸೈನ್ಯದಾಗಿದ್ರಿ ಅಂಬೋದು ನನಗ ಗೊತ್ತಿಲ್ಲೇನ್ರೀ? ನಿಮಗಿಂತ ನನಗ ಹೆಚ್ಚ ಗೊತ್ತೈತಿ," ಎಂದಳು.

ಕವಿತಾ ಎಂದರೆ ನಮ್ಮ ಮಗಳು, ದಿಯಾಳ ತಾಯಿ. ಅವಳೂ ಮಂಚದ ಕೆಳಗಿದ್ದ ಹುಡುಗನೂ ಹೆಚ್ಚುಕಡಿಮೆ ಓರಗೆಯವರು. ಅದು ನನಗೆ ಆಗ ಹೊಳೆಯಿತು. ಚಹಾ ಆರಿಹೋಗಿತ್ತು, ಆರಿದ್ದನ್ನೇ ಕುಡಿದೆ.

ಮರುವರ್ಷ ನವೆಂಬರ್ ಬಂತು. ಪ್ರಶಾಂತ ಪಾಪ, ಫೋನು ಹಿಡಿದುಕೊಂಡು ಮತ್ತೆ ಬಂದ. "ಮಾವ, ಈ ಸಲ ಡೋನಟ್ ಸಹ ಉಂಟು." ಈ ಸಲ ಉಣ್ಣಲು ಹೋಗುವುದಿಲ್ಲ, ಉಣ್ಣಿಸಲು ಹೋಗುತ್ತೇನೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಕಾರಿನಲ್ಲಿ ಬಿಡುತ್ತೇನೆ ಎಂದ. ಒಳ್ಳೆಯ ಹುಡುಗ. ಉಂಡ ಮನೆಗೆ ತಿರುಗಿ ಏನು ಒಯ್ಯುವುದೆಂದು ನಾನೂ ನಮ್ಮಾಕಿಯೂ ವಾರವೆಲ್ಲ ಯೋಚಿಸಿ, ಶೇಂಗಾ ಇಲ್ಲದ್ದು, ಗೋಡಂಬಿಯೂ ಇಲ್ಲದ್ದು ಎಂದು ಸೋಸಿ ಸೋಸಿ ಕೊನೆಗೆ ಗಸಗಸೆ ಪಾಯಸಕ್ಕೆ ಬಂದು ನಿಂತೆವು. "ನಾನೂ ಬರ್ತೀನಿ," ಎಂದಳು ನಮ್ಮಾಕಿ. "ಗಂಡಸರು ಒಬ್ಬರ ಹೋದ್ರ ಮನಿತನದಾವ್ರು ಬಂದಂಗ ಆಗೂದಿಲ್ಲ." ಇಳಕಲ್ ಸೀರೆ, ಅದರ ಮೇಲೆ ಮಂಡಿಯವರೆಗೆ ಬರುವ ಚಳಿಯ ಕೋಟು, ಕಾಲಿಗೆ ಬೂಟು. ನಾನು ಪದಕ ಹಾಕಿಕೊಳ್ಳಲಿಲ್ಲ. ಹೂವು ಹಾಕಿಕೊಂಡೆ.

ಮುಂಬಾಗಿಲಿಂದ ಹೋಗಲಿಲ್ಲ. ಯಾವ ಹೋಟೆಲಿನ ಅಡಿಗೆಯವನೂ ಬಿಡುವು ಸಿಕ್ಕಾಗ ಹಿತ್ತಲಿನಲ್ಲಿ ಸಿಗುತ್ತಾನೆ, ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಯೋಗನ್ ಹಿಂದಿನ ಬಾಗಿಲ ಪಕ್ಕ ಹಾಲಿನ ಕ್ರೇಟೊಂದನ್ನು ಮಗುಚಿ ಅದರ ಮೇಲೆ ಕಾಲಿಟ್ಟುಕೊಂಡು ನಿಂತಿದ್ದ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ಕ್ರೇಟಿನ ಮೇಲಿಂದ ಕಾಲು ಕೆಳಗಿಟ್ಟ. ಒಳಗೆ ಹೋಗಿಬಿಡುತ್ತಾನೆ ಅನ್ನಿಸಿತು. ನಾನು ಅಲ್ಲೇ ನಿಂತೆ.

ನಮ್ಮಾಕಿಗೆ ಇಂಥದ್ದೆಲ್ಲ ಗೊತ್ತಾಗುವುದಿಲ್ಲ, ಅಥವಾ ಗೊತ್ತಾಗಿಯೂ ಗೊತ್ತಾಗದಂತೆ ಇರುತ್ತಾಳೆ. ನೆಟ್ಟಗೆ ಅವನ ಮುಂದೆ ಹೋಗಿ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು, "ಕುಂದ್ರಪಾ ತಮ್ಮಾ, ನಿಂತ ಉಣಬಾರದು," ಎಂದಳು. ಅವನಿಗೆ ಕನ್ನಡ ಎಲ್ಲಿಂದ ಬರಬೇಕು? ಆದರೆ ಕೂತ. ಚಳಿಯಲ್ಲಿ ಪಾಯಸದ ಹಬೆ ಅವನ ಮುಖದವರೆಗೆ ಏರಿತು. ಚಮಚೆಯಲ್ಲಿ ಒಂದು ಸಲ ತೆಗೆದು ರುಚಿ ನೋಡಿದ. ಆಮೇಲೆ ಚಮಚೆ ಪಕ್ಕಕ್ಕಿಟ್ಟು ಡಬ್ಬಿಯನ್ನೇ ಎತ್ತಿ ಕುಡಿದ. ನಾನೂ ನಮ್ಮಾಕಿಯೂ ಅವನ ಎರಡೂ ಬದಿಗೆ ನಿಂತಿದ್ದೆವು, ಪಂಕ್ತಿಯಲ್ಲಿ ಬಡಿಸುವವರಂತೆ.

"ಸಕ್ಕರೆ ಸ್ವಲ್ಪ ಕಡಿಮೆ," ಎಂದ.

"ಬೆಲ್ಲ," ಎಂದೆ. "ಹಾಕಿದ್ದು ಬೆಲ್ಲ."

"ಬೆಲ್ಲ ಸ್ವಲ್ಪ ಕಡಿಮೆ," ಎಂದು ತಿದ್ದಿಕೊಂಡ. ತಳ ಬಳಿದು ಡಬ್ಬಿಯನ್ನು ನಮ್ಮಾಕಿಯ ಕೈಗೆ ಕೊಟ್ಟ. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿ, "ಆಗಲೂ ಇದನ್ನು ಮಾಡುತ್ತಿದ್ದಿರಾ, ನಮ್ಮೂರಲ್ಲಿ?" ಎಂದು ಕೇಳಿದ.

"ಇಲ್ಲ. ಆಗ ದಾಲು, ಚಪಾತಿ ಅಷ್ಟೇ."

"ಹಾಗಾದರೆ ಮುಂದಿನ ವರ್ಷ ಚಪಾತಿ ತನ್ನಿ," ಎಂದ ಯೋಗನ್. "ನನಗೆ ಅದರ ವಾಸನೆ ಮಾತ್ರ ಗೊತ್ತು. ರುಚಿ ಗೊತ್ತಿಲ್ಲ."

ಏನಂದ ಎಂದು ನಮ್ಮಾಕಿ ನನ್ನ ತೋಳು ಜಗ್ಗಿದಳು. ಕನ್ನಡದಲ್ಲಿ ಹೇಳಿದೆ. ಆಕೆ ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳ ಹಾಕಿದಳು.

"ಮುಂದಿನ ವರ್ಷ ಯಾಕ?" ಎಂದಳು. "ನಾಳೆ ಎಷ್ಟಕ್ಕ ಬರತಾನ ಕೇಳ್ರಿ."

ಮರುದಿನ ಬೆಳಿಗ್ಗೆ ಪರಾತದಲ್ಲಿ ಹಿಟ್ಟು ಸುರಿದುಕೊಂಡು ತೋಳು ಮಡಚಿದೆ. ನಾದಿಕೊಡುತ್ತೇನೆಂದು ನಮ್ಮಾಕಿ ಬಂದಳು. ಬೇಡ, ಇದು ನನ್ನ ಡ್ಯೂಟಿ ಎಂದೆ. ಆಕೆ ಸ್ಟೂಲು ಎಳೆದುಕೊಂಡು ಕೂತು ನೋಡಿದಳು. ಒಗ್ಗರಣೆ ಹಾಕಿ ಬಂದವರೆಂಬ ಹಳೆಯ ಮಾತು ಎತ್ತಲಿಲ್ಲ.